ಜೂನ್ ತಿಂಗಳ ಚಳಿ

ಪ್ರೆಸ್ಸಿನ ಹಿಂದಿನ ಕೋಣೆ
ಜುಲೈ ೯, ಮಧ್ಯಾಹ್ನ

ಪ್ರೀತಿಯ ಗುಬ್ಬಿ,

ಹೇಗಿದ್ದೀಯ? ಕೆಮ್ಮು ಹೋಯಿತೇ? ಹಣ್ಣಿನ ತೋಟದಲ್ಲಿ ಕೊಂಬೆ ಕತ್ತರಿಸುವಾಗ ಕೈಗವಸು ಹಾಕಿಕೊಳ್ಳುತ್ತೀಯೋ, ಇಲ್ಲ ಇಲ್ಲಿಯ ಹಾಗೆಯೇ ಎಲ್ಲೋ ಬಿಟ್ಟು ಹುಡುಕುತ್ತಿರುತ್ತೀಯೋ? ನಾವು ಚೆನ್ನಾಗಿದ್ದೇವೆ. ಈ ಸಲ ಮಳೆ ಕೈಕೊಟ್ಟಿದೆ, ಸೆಕೆಗೆ ಶಾಯಿ ಕೂಡ ಬೆವರುತ್ತಿದೆ, ಅಷ್ಟೇ.

ಇನ್ನು ಮೇಲೆ ಪದ್ಯ ಬರೆಯುವುದಿಲ್ಲ ಎಂದು ಬರೆದಿದ್ದೀಯಲ್ಲ, ಅದು ನನಗೆ ಒಂಚೂರೂ ಹಿಡಿಸಲಿಲ್ಲ. ಅಂಥದ್ದೇನಾಯಿತು? ನಾವು ತಿಂಗಳಿಗೊಂದು ಹಾಳೆಯಂತೆ ಅಚ್ಚು ಹಾಕಿ ಬೀದಿಗೆಲ್ಲ ಹಂಚುವ ಕ್ಯಾಲೆಂಡರಿನಲ್ಲಿ, ಅಂಕಿಗಳ ಕೆಳಗೆ ಎಂದಿನಂತೆ ನಿನ್ನ ನಾಲ್ಕು ಸಾಲು ಹಾಕಿದೆ. ನೀನು ಭೂಮಿಯ ಆ ಅರ್ಧಕ್ಕೆ ಹೋದ ಮೇಲೆ ಕಳಿಸಿದ ಮೊದಲ ಪದ್ಯ ಅದು:

ಎಲೆಯುದುರಿದ ಕೊಂಬೆಗೆ
ಜೂನ್ ಬಂದು ಮಂಜು ಹೊದಿಸಿದೆ;
ತಡವಾಗಿ ಏಳುವ ಸೂರ್ಯನಿಗೆ
ನನ್ನ ಕಂಬಳಿ ಕೊಡಲೇ?

ನಾನು ಕಾಗುಣಿತ ನೋಡಿದೆನೇ ಹೊರತು ಹವಾಮಾನ ನೋಡಲಿಲ್ಲ. ಇಲ್ಲಿ ಮಳೆಯಿಲ್ಲದ ಈ ಸಲದ ಜೂನ್ ಎಂದರೆ ರಸ್ತೆಯ ಟಾರು ಚಪ್ಪಲಿಗೆ ಅಂಟುವ ಕಾಲ. ಬೀದಿಯೆಲ್ಲ ನಕ್ಕಿತು, ನಿಜ. ಅದನ್ನೇ ತಮಾಷೆಯಾಗಿ ನಿನಗೆ ಬರೆದರೆ ನೀನು ಮುಖ ಊದಿಸಿಕೊಂಡು, "ನನ್ನ ತಿಂಗಳುಗಳು ಇನ್ನು ನಿಮಗೆ ಹೊಂದೋದಿಲ್ಲ ಅಪ್ಪಾ" ಅಂದುಬಿಟ್ಟೆ.

ನಕ್ಕವರು ಆಮೇಲೆ ಏನು ಮಾಡಿದರು ಕೇಳು. ಎದುರಿನ ಕ್ಷೌರಿಕ ಆ ಹಾಳೆಯನ್ನು ಕನ್ನಡಿಯ ಪಕ್ಕ ಅಂಟಿಸಿ, "ಫ್ಯಾನ್ ಕೆಟ್ಟಿದೆ, ಇದನ್ನ ಓದ್ತಾ ಕೂತ್ಕೊಳ್ಳಿ" ಎಂದು ಗಿರಾಕಿಗಳನ್ನು ಕೂರಿಸುತ್ತಾನೆ. ಭೂಗೋಳದ ಟೀಚರಮ್ಮ ಬಂದು ಒಂದು ಕಟ್ಟು ಒಯ್ದರು. ಭೂಮಿ ವಾಲಿಕೊಂಡು ಸೂರ್ಯನನ್ನು ಸುತ್ತುತ್ತದೆ, ಅದಕ್ಕೇ ಇಲ್ಲಿ ಬೇಸಿಗೆಯಾದರೆ ಅಲ್ಲಿ ಚಳಿ ಎಂದು ಎಷ್ಟು ಗಂಟಲು ಹರಿದುಕೊಂಡರೂ ಮಕ್ಕಳ ತಲೆಗೆ ಹತ್ತಿರಲಿಲ್ಲವಂತೆ. ಈ ಸಲ ಪದ್ಯ ಓದಿದ ಮೇಲೆ ಒಬ್ಬಳು ಎದ್ದು, "ಹಾಗಾದ್ರೆ ನಮ್ಮ ಬಿಸಿಲು ಆ ಅಕ್ಕನ ಹತ್ರ ಯಾವಾಗ ಹೋಗುತ್ತೆ ಮಿಸ್?" ಎಂದಳಂತೆ. ನನಗೆ ಹೆಮ್ಮೆಯೂ ಆಯಿತು, ಕಣ್ಣೂ ತುಂಬಿತು.

ನಿನ್ನ ತಿಂಗಳು ನಮಗೆ ಹೊಂದಬೇಕಾಗಿಲ್ಲ ಪುಟ್ಟಾ. ಅಲ್ಲಿ ಏನು ಕಾಣುತ್ತದೋ ಅದನ್ನೇ ಬರಿ. ಅಚ್ಚು ಹಾಕಲು ನಾನಿದ್ದೇನೆ.

ಬೆಚ್ಚಗಿರು, ಹೊಟ್ಟೆ ತುಂಬ ಉಣ್ಣು, ನಗ್ತಾ ಇರು.

ನಿನ್ನ
ಅಪ್ಪ

ತಾ.ಕ.: ಅಂಚೆಯವನು ಬಾಗಿಲಲ್ಲೇ ನಿಂತಿದ್ದಾನೆ, ಬೇಗ ಹೇಳಿಬಿಡುತ್ತೇನೆ. ಪದ್ಯವಿಲ್ಲದ ಜುಲೈ ಹಾಳೆಯನ್ನು ಗೋಡೆಗೆ ಹಾಕಲು ನಿಮ್ಮಮ್ಮ ಬಿಟ್ಟಿಲ್ಲ. "ಮಗಳ ಪದ್ಯ ಬರೋವರೆಗೂ ಈ ಮನೇಲಿ ಜೂನೇ" ಎಂದು ಹಟ ಹಿಡಿದಿದ್ದಾಳೆ. ಹಾಲಿನವನ ಗುರುತನ್ನೂ ಜೂನ್ ಹಾಳೆಯ ಮೇಲೆಯೇ ಎರಡನೇ ಸಲ ಹಾಕುತ್ತಿದ್ದಾಳೆ. ಬೇಗ ಬರಿ ತಾಯಿ, ನಮಗೂ ಜುಲೈ ಬೇಕು.