ಗಿರಿಜಾ ಬಾಯಿಬಿಡದ ಪಾಸ್‌ವರ್ಡ್

ತಮ್ಮಾ ಬಸಣ್ಣಾ,

ಬ್ಯಾಡಗಿಯ ಸೈಬರ್ ಸೆಂಟರಿನಲ್ಲಿ, ಮೆಣಸಿನಕಾಯಿ ಘಾಟಿಗೆ ಇಬ್ಬರೂ ಸೀನುತ್ತ, ನನಗೊಂದು ಇ-ಮೇಲ್ ಮಾಡಿಕೊಟ್ಟಿದ್ದು ನೆನಪೈತೇನು? ಪಾಸ್‌ವರ್ಡ್ ಏನಿಡಲಿ ಅಂದಿ. ನಾ ಮನೆದೇವರ ಹೆಸರು ಹೇಳಿದೆ. ನೀ ನಕ್ಕಿ. "ಅಕ್ಕಾ, ನಾವು ದೇವರಗುಡ್ಡದ ಒಕ್ಕಲು ಅನ್ನೋದು ಊರಿಗೇ ಗೊತ್ತು. ಕೀಲಿ ಜಡದು ಕೀಲಿಕೈ ಬಾಗಿಲಿಗೇ ತೂಗಬಿಟ್ಟಂಗಾತು." ಉದ್ದ ಇರಬೇಕು, ಮಂದಿಗೆ ಗೊತ್ತಿರಬಾರದು, ಸತ್ತರೂ ಮರೀಬಾರದು ಅಂದಿ. ಕಡೀ ಮಾತು ಎಷ್ಟು ಹಗುರಕ್ಕ ಅಂದಿ, ಆಗ...

ನೀ ಹೋದ ಮರುವರ್ಷ ನಿನ್ನ ಮಗಳು ಸುಮಾಳ ಲಗ್ನ ಗೊತ್ತಾಯಿತು. ಅಜ್ಜಿಯ ಸೋಬಾನ ಪದಗಳೇ ಬೇಕು ಅಂತ ಹಟ ಹಿಡಿದಳು. ಅವ್ವ ಹೋಗುವ ಮೊದಲು ಅವನ್ನೆಲ್ಲ ನೀನು ಕಂಪ್ಯೂಟರಿನಲ್ಲಿ ಬರೆದಿಟ್ಟಿದ್ದಿ. ಬೇರೆ ಪ್ರತಿ ಇಲ್ಲ. ಹಾವೇರಿಯವರೊಬ್ಬರು ಎರಡು ಪದ ತಮ್ಮ ಹೆಸರಿಲೆ ಅಚ್ಚು ಹಾಕಿಸಿಕೊಂಡ ಮೇಲೆ ಆ ಫೈಲಿಗೆ ಪಾಸ್‌ವರ್ಡ್ ಜಡದಿದ್ದಿ. ನಾನು ರಾಣೇಬೆನ್ನೂರಿಗೆ, ನಿನ್ನ ಮನೆಗೆ ಬಂದು ಕುಂತೆ. ಸುಮಾಳ ಹೆಸರು, ಅವ್ವನ ಹೆಸರು, ನಿನ್ನ ಶಾಲೆಯ ಹೆಸರು, ಕಡೆಗೆ ನಾಚಿಕೆ ಬಿಟ್ಟು ಮನೆದೇವರನ್ನೂ ಹಾಕಿ ನೋಡಿದೆವು. ಎಂಥ ಬಾಗಿಲು ಮಾಡಿಟ್ಟು ಹೋದೆಪಾ?

ಮೂರು ದಿನ ನಿನ್ನ ಹೆಂಡತಿ ಗಿರಿಜಾ ಒಲೆ ಬಿಟ್ಟು ಏಳಲಿಲ್ಲ. ನಾಲ್ಕನೆಯ ದಿನ ರೊಟ್ಟಿ ಹಿಟ್ಟಿನ ಕೈ ತೊಳೆದುಕೊಂಡು ಬಂದಳು. "ಅಕ್ಕಾರ, ಅದು ಒಡಪರಿ. ಲಗ್ನದಾಗ ಮಂದಿ ಮುಂದ ಹೇಳಿದ್ದಲ್ಲ, ಅವರಿಗಷ್ಟ ಕಟ್ಟಿ ಹೇಳಿದ್ದು. ಅದರಾಗ ಅವರ ಹೆಸರೈತಿ. ಈಗ ನಾ ಹೆಂಗ ಒಡಪು ಹಾಕಲಿ?"

ಗಂಡ ಹೋದಾಕಿ ಗಂಡನ ಹೆಸರು ಪದದಾಗ ಕಟ್ಟಿ ಒಡಪು ಹಾಕಬಾರದು. ನಾನೂ ಹಾಕಿಲ್ಲ, ಹನ್ನೆರಡು ವರ್ಷ ಆಯಿತು.

"ಬಾಯಿಲೆ ಬ್ಯಾಡವ್ವ. ಬೆರಳಿಲೆ ಹಾಕು," ಅಂದೆ.

ನಾನು, ಸುಮಾ ಗೋಡೆ ಕಡೆ ಮುಖ ಮಾಡಿ ನಿಂತೆವು. ಆಕಿಗೆ ಕೀಬೋರ್ಡ್ ಒತ್ತಲು ನೀನೇ ಕಲಿಸಿದ್ದಿಯಂತಲ್ಲ, ನಮಗೊಂದು ಮಾತು ಹೇಳಲಿಲ್ಲ. ಒಂದೊಂದೇ ಅಕ್ಷರ ಒತ್ತಿದ ಸಪ್ಪಳ. ಬಹಳ ಹೊತ್ತು. ನೀ ಹೇಳಿದಂಗ ಉದ್ದನೇ ಇತ್ತು.

ಈಗ ಪದಗಳ ಇನ್ನೊಂದು ಪ್ರತಿ ನನ್ನ ಟ್ರಂಕಿನೊಳಗೈತಿ. ಗಿರಿಜಾ ಆ ಒಡಪನ್ನು ಚೀಟಿಯಲ್ಲಿ ಬರೆದು, ಲಕೋಟೆ ಅಂಟಿಸಿ, ಧಾರೆ ಸೀರೆಯ ಮಡಿಕೆಯಲ್ಲಿ ಇಟ್ಟಾಳ. ತನ್ನ ನಂತರ ತೆರೀಬೇಕು ಅಂತ ಸುಮಾಗೆ ಹೇಳ್ಯಾಳ. ಖರೇ ಹೇಳತೀನಿ, ನಿನಗೆ ಗೊತ್ತಾಗದಂಗ ನಾನು ನನ್ನ ಇ-ಮೇಲಿಗೆ ಮತ್ತ ಮನೆದೇವರ ಹೆಸರೇ ಇಟ್ಟುಕೊಂಡಿದ್ದೆ. ಮೊನ್ನೆ ಬದಲಿಸಿದೆ. ಏನಂತ ನಿನಗೂ ಹೇಳೂದಿಲ್ಲ.

ಸುಮಾಗೆ ಅರಿಷಿಣ ಹಚ್ಚುವಾಗ ಅವ್ವನ ಪದ ಹಾಡಿದೆವು, ತಮ್ಮಾ. ಮೊದಲ ಸೊಲ್ಲು ಎತ್ತಿದಾಕಿ ಗಿರಿಜಾ. ಬ್ಯಾಡ ಅನ್ನಾಕ ಯಾರಿಗೂ ಬಾಯಿ ಬರಲಿಲ್ಲ.

ನಿನ್ನ ಅಕ್ಕ