ಬರೋ ಕೂಸಿಗೊಂದು ಹಿಡಿ

ಸೊರಬ
೧೪ ಸೆಪ್ಟೆಂಬರ್ ೨೦೨೪, ಶನಿವಾರ

ಮುದ್ದು ಮಗಳು ದಿವ್ಯಳಿಗೆ,

ನಿನ್ನ ತಾಯಿಯ ಮುತ್ತುಗಳು. ನಾನು ಚೆನ್ನಾಗಿದ್ದೇನೆ. ಅಂದರೆ ಮಂಡಿ ನೋವು ಚೆನ್ನಾಗಿದೆ, ನಾನು ಅದರ ಜೊತೆಗಿದ್ದೇನೆ. ಈಸ್ಟರ್ ಮುಗಿಸಿ ದಾವಣಗೆರೆ ಬಸ್ಸು ಹತ್ತುವಾಗ ನೀನು ಹೇಳಿದ ಮಾತಿಗೆ ಉತ್ತರ ಕೊಡಲು ಇಷ್ಟು ತಿಂಗಳು ಹಿಡಿಯಿತು, ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು "ಹ್ಞೂಂ ಅಮ್ಮ, ಹ್ಞೂಂ ಅಮ್ಮ" ಎನ್ನುತ್ತಾ ಪಾತ್ರೆ ತೊಳೆಯುತ್ತಿರುತ್ತೀ, ನಲ್ಲಿಯ ಸದ್ದು ನನಗೆ ಕೇಳಿಸುತ್ತದೆ. ಕಾಗದವಾದರೆ ಕೈ ಒರೆಸಿಕೊಂಡು ಓದಲೇಬೇಕು.

ನೀನು ಹೇಳಿದ್ದು ಹಿಡಿ ಅಕ್ಕಿಯ ಮಡಕೆಯ ಬಗ್ಗೆ. "ಅದು ನಿನ್ನ ಕಾಲಕ್ಕೇ ಮುಗೀಲಿ ಬಿಡಮ್ಮ. ನಂಗೆ ಪ್ರಾರ್ಥನೆನೂ ಬರಲ್ಲ, ನಂಬಿಕೆನೂ ಇಲ್ಲ. ಕುಕ್ಕರಿಗೆ ಹಾಕೋ ಒಂದು ಲೋಟ ಅಕ್ಕೀಲಿ ಯಾರ ಹೆಸರಿಗೆ ಅಂತ ಹಿಡಿ ತೆಗೀಲಿ?" ಎಂದೆ. ನನಗೆ ಕೋಪ ಬಂದಿತ್ತು, ಅದಕ್ಕಿಂತ ಹೆಚ್ಚು ಹೆದರಿಕೆಯಾಗಿತ್ತು. ಅತ್ತೆ ಯೂನಿಕಮ್ಮನ ಮಡಕೆ ನನ್ನ ಕೈಯಲ್ಲಿ ನಿಂತುಹೋಯಿತು ಎಂದು ನಾಳೆ ಆ ಲೋಕದಲ್ಲಿ ಅವರ ಮುಂದೆ ಹೇಗೆ ನಿಲ್ಲಲಿ? ಅವರ ಸ್ವಭಾವ ನಿನಗೂ ಗೊತ್ತು. ಸ್ವರ್ಗದಲ್ಲಿದ್ದರೂ ಹುಬ್ಬು ಗಂಟಿಕ್ಕಿಯೇ ನಿಂತಿರುತ್ತಾರೆ.

ನಿನಗೆ ಗೊತ್ತಿರುವುದನ್ನೇ ಇನ್ನೊಮ್ಮೆ ಹೇಳುತ್ತೇನೆ, ಯಾಕೆಂದು ಮುಂದೆ ತಿಳಿಯುತ್ತದೆ. ಅನ್ನಕ್ಕಿಡುವ ಮೊದಲು ಮನೆಯ ಒಬ್ಬೊಬ್ಬರ ಹೆಸರು ಹೇಳಿ, ಹೆಸರಿಗೊಂದು ಹಿಡಿ ಅಕ್ಕಿಯನ್ನು ಆ ಮಡಕೆಗೆ ಹಾಕಬೇಕು. ತಿಂಗಳಿಗೊಮ್ಮೆ ಅದನ್ನು ಶಿಕಾರಿಪುರದ ಚರ್ಚಿನ ಸಭೆಗೆ ಒಯ್ದು ಕೊಡಬೇಕು, ಇಲ್ಲವೇ ಹಸಿದವರ ಮನೆಗೆ ಮುಟ್ಟಿಸಬೇಕು. ಮಂಗನ ಕಾಯಿಲೆಯ ಕಾಲದಲ್ಲಿ ಅತ್ತೆ ಇದೇ ಅಕ್ಕಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಕ್ಯಾಸನೂರಿಗೆ ಹೋಗಿ, ಜ್ವರ ಬಂದವರಿಗೆ ಗಂಜಿ ಕಾಯಿಸಿ ಕುಡಿಸುತ್ತಿದ್ದರಂತೆ. ಈಗಲೂ ಸಂತೆಯಲ್ಲಿ ಸಿಕ್ಕರೆ ಅಲ್ಲಿಯ ಧರ್ಮಪ್ಪ ಹೇಳುತ್ತಾನೆ, "ನಿಮ್ಮತ್ತೆ ಗಂಜಿ ಕುಡ್ದು ಉಳ್ದ ಜೀವ ಕಣ್ರೀ ಇದು."

ಸತ್ತವರ ಹೆಸರಿಗೆ ಮಾತ್ರ ಹಿಡಿ ಹಾಕುವಂತಿಲ್ಲ. ನಿನ್ನ ಅಪ್ಪನನ್ನು ಮಣ್ಣು ಮಾಡಿ ಬಂದ ದಿನ ನಾನು ರೂಢಿಯಂತೆ ಮೊದಲು ಅವರ ಹೆಸರನ್ನೇ ಹಿಡಿದೆ. ಅತ್ತೆ ನನ್ನ ಮಣಿಕಟ್ಟು ಹಿಡಿದುಕೊಂಡರು. "ಸಾಕು ಸಲೋಮಿ. ಅವ್ನು ಈಗ ನಮ್ಮ ಕೈಲಿಲ್ಲ, ಕರ್ತನ ಕೈಲಿದಾನೆ" ಎಂದರು. ಹಿಡಿದ ಕೈಯನ್ನು ಬೇಗ ಬಿಡಲಿಲ್ಲ. ಹೆತ್ತ ಮಗ ಅಲ್ಲವೇ? ನನ್ನ ಮುಷ್ಟಿಯಲ್ಲಿದ್ದ ಅಕ್ಕಿಯನ್ನು ಅವರೇ ಬಿಡಿಸಿ ಮೊರಕ್ಕೆ ಹಾಕಿದರು.

ಇನ್ನು ನಾನು ಬರೆಯಬೇಕೆಂದಿದ್ದ ವಿಷಯ. ಹೆದರಬೇಡ, ನಗಲೂ ಬೇಡ.

ಮಳೆಗಾಲ ಶುರುವಾದ ಮೇಲೆ ಮಡಕೆ ತನ್ನಷ್ಟಕ್ಕೆ ತುಂಬತೊಡಗಿತು. ಬೆಳಿಗ್ಗೆ ನಾನು ಹಾಕಿ ಮುಚ್ಚಿಟ್ಟದ್ದಕ್ಕಿಂತ ಸಂಜೆ ಅಕ್ಕಿ ಮೇಲೆ ಬಂದಿರುತ್ತಿತ್ತು. ಇಲಿ ಎನ್ನೋಣವೆಂದರೆ, ಇಲಿ ಅಕ್ಕಿ ತಿನ್ನುತ್ತದೆ ಮಾರಾಯ್ತಿ, ತಂದು ಹಾಕುವುದಿಲ್ಲ. ಒಂದು ದಿನ ಮುಚ್ಚಿದ ಹಿತ್ತಾಳೆ ತಟ್ಟೆ ತೆಗೆದು ನೋಡುತ್ತೇನೆ, ಅಕ್ಕಿಯ ಮೇಲೆ ಹೆಬ್ಬೆರಳಿನಿಂದ ಎಳೆದ ಶಿಲುಬೆ. ನಾನು ಹಾಗೆ ಎಂದೂ ಎಳೆದವಳಲ್ಲ. ಅದು ಅತ್ತೆಯ ಅಭ್ಯಾಸ. ಅವರು ಹೋಗಿ ಎಷ್ಟು ವರ್ಷವಾಯಿತು! ತಟ್ಟೆ ಮುಚ್ಚಿ ಹಿತ್ತಲಿಗೆ ಹೋಗಿಬಿಟ್ಟೆ.

ಆ ವಾರವೇ ಪಕ್ಕದ ಮನೆ ಸರ್ವರ್ ಬೀ ಬಂದು ಜಗಲಿಯಲ್ಲಿ ಕೂತಳು. ನಮ್ಮಿಬ್ಬರ ಅಡುಗೆಮನೆಗೆ ಇರುವುದು ಒಂದೇ ಗೋಡೆ, ಅವಳು ಒಗ್ಗರಣೆ ಹಾಕಿದರೆ ನಾನು ಸೀನುತ್ತೇನೆ. ಎಲೆ ಅಡಿಕೆ ಹಾಕಿಕೊಂಡು ಕೇಳಿದಳು.

"ಸಲೋಮಕ್ಕ, ಸಂಜೆ ಹೊತ್ತು ನಿಮ್ಮನೇಗೆ ಯಾರು ಬರ್ತಾರೆ?"

"ಯಾರೂ ಬರಲ್ಲ. ಯಾಕೆ?"

"ದೀಪ ಹಾಕೋ ಹೊತ್ತಿಗೆ ಒಳಗೆ ದನಿ ಕೇಳ್ತೈತಿ. ಹೆಸರು ಹೇಳ್ತಾರೆ. ಮೊದ್ಲು ನೀವೇ ಅನ್ಕೊಂಡೆ. ನಿಮ್ಮ ದನಿ ನಂಗೊತ್ತಿಲ್ವಾ? ಅದು ಯೂನಿಕಮ್ಮನ ದನಿ ಕಣ್ರೀ."

ನಾನು ನಗಲು ನೋಡಿದೆ. ನಗು ಬರಲಿಲ್ಲ. ಯಾವ ಹೆಸರು ಎಂದು ಕೇಳಿದೆ.

"ದೇವಪುತ್ರ ಅಂತಾರೆ. ಆಮೇಲೆ ಸಲೋಮಿ ಅಂತಾರೆ. ಆಮೇಲೆ, ಬರೋ ಕೂಸು, ಬರೋ ಕೂಸು ಅಂತಾರೆ."

ನಿನ್ನ ಅಪ್ಪನ ಹೆಸರು, ಸತ್ತವರ ಹೆಸರು, ನಮ್ಮ ಮಡಕೆಯಲ್ಲಿ! ನನಗೆ ಹೆದರಿಕೆಗಿಂತ ಮೊದಲು ಬಂದದ್ದು ಸಿಟ್ಟು. ತಾವೇ ಮಾಡಿದ ನಿಯಮವನ್ನು ತಾವೇ ಮುರಿಯುವುದೆಂದರೆ ಏನು? ಅತ್ತೆ ಬದುಕಿದ್ದಾಗ ಎದುರು ಮಾತಾಡದ ನಾನು ಅವತ್ತು ಖಾಲಿ ಅಡುಗೆಮನೆಯಲ್ಲಿ ನಿಂತು ಗಟ್ಟಿಯಾಗಿಯೇ ಬೈದೆ.

ಮರುದಿನ ಮಧ್ಯಾಹ್ನ ಮಡಕೆಯ ಸುತ್ತ ಗೋಧಿ ಹಿಟ್ಟನ್ನು ತೆಳ್ಳಗೆ ಉದುರಿಸಿ, ಜಗಲಿಗೆ ಬಂದು ರಸ್ತೆ ನೋಡುತ್ತಾ ಕೂತೆ. ಉಳವಿ ಬಸ್ಸು ಹೋಯಿತು. ಶಾಲೆ ಮಕ್ಕಳು ಹೋದರು. ಕತ್ತಲಾಗುತ್ತ ಬಂದಾಗ ಒಳಗೆ ಹೋಗಿ ದೀಪ ಹಾಕಿದೆ. ಹಿಟ್ಟಿನ ಮೇಲೆ ಹೆಜ್ಜೆಗಳಿದ್ದವು. ಬಲಗಾಲು ಸರಿಯಾಗಿ ಮೂಡಿತ್ತು, ಎಡಗಾಲು ಎಳೆದುಕೊಂಡು ಹೋಗಿತ್ತು. ಬಸ್ಸಿನಿಂದ ಬಿದ್ದ ಮೇಲೆ ನಿನ್ನ ಅಜ್ಜಿ ಹೇಗೆ ನಡೆಯುತ್ತಿದ್ದರು, ನೆನಪಿದೆಯಲ್ಲ? ಹಾಗೆಯೇ. ಅಕ್ಕಿಯ ಮೇಲೆ ಶಿಲುಬೆ ಆಗಷ್ಟೇ ಎಳೆದಂತಿತ್ತು.

ಆಮೇಲೆ ನನ್ನ ಕಾಲು ನೋಡಿಕೊಂಡೆ. ಎರಡೂ ಪಾದಕ್ಕೆ ಹಿಟ್ಟು ಮೆತ್ತಿತ್ತು. ಹೆಬ್ಬೆರಳಿಗೆ ಅಕ್ಕಿಯ ಧೂಳು ಹತ್ತಿತ್ತು. ಜಗಲಿಯಿಂದ ಎದ್ದ ನೆನಪೇ ನನಗಿಲ್ಲ, ಮಗಳೇ.

ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಸರ್ವರ್ ಬೀ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು, ಎಲ್ಲವನ್ನೂ ನೋಡಿದ್ದಳು. "ನೀವೇ ಎದ್ದು ಬಂದ್ರಿ ಸಲೋಮಕ್ಕ. ಕರೆದ್ರೆ ಓ ಅನ್ಲಿಲ್ಲ. ಕಾಲೂ ಅವ್ರದೇ, ದನಿನೂ ಅವ್ರದೇ. ಮುಖ ಒಂದು ನಿಮ್ದು" ಎಂದಳು. ನನ್ನ ಪಾದಗಳನ್ನು ತನ್ನ ದುಪಟ್ಟಾದಲ್ಲೇ ಒರೆಸಿದಳು, ಬೇಡವೆಂದರೂ ಕೇಳಲಿಲ್ಲ.

ಅವಳ ಮೊಮ್ಮಗಳು ಆತಿಫಾ ನನ್ನನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿದಳು. ನಿನಗೆ ತಿಳಿಸುತ್ತೇನೆಂದು ಹಟ ಮಾಡಿದಳು, ನಾನೇ ಬರೆಯುತ್ತೇನೆಂದು ತಡೆದೆ. ಚಿಕ್ಕ ವಯಸ್ಸಿನ ಡಾಕ್ಟರು ಇವತ್ತು ಯಾವ ವಾರ ಎಂದು ಕೇಳಿದರು. ಯಾವುದೋ ಒಂದು, ಭಾನುವಾರವಂತೂ ಅಲ್ಲ, ಭಾನುವಾರವಾಗಿದ್ದರೆ ನಿಮ್ಮ ಮುಂದೆ ಕೂರುತ್ತಿರಲಿಲ್ಲ ಎಂದೆ. ಆತಿಫಾ ನಕ್ಕಳು, ಅವರು ನಗಲಿಲ್ಲ. ಮರೆವಿನ ಕಾಯಿಲೆ, ಗುಳಿಗೆ ನಿಧಾನ ಮಾಡುತ್ತದೆ, ನಿಲ್ಲಿಸುವುದಿಲ್ಲ ಎಂದು ಹೇಳಿ ಚೀಟಿ ಬರೆದುಕೊಟ್ಟರು.

ಇರಲಿ. ಅವರು ಹೇಳಿದ್ದು ಸರಿಯೇ ಇರಬಹುದು. ಆದರೆ ನನ್ನದೆಲ್ಲ ಅಳಿಸಿಹೋಗುವ ಹೊತ್ತಿನಲ್ಲಿ ಅತ್ತೆಯ ಕೈ ಮಾತ್ರ ನನ್ನ ಕೈಯೊಳಗೆ ಹೇಗೆ ಉಳಿಯಿತು? ನನಗೆ ಅನಿಸುವುದಿಷ್ಟು: ನಾನು ಮರೆತರೂ ಆ ಪ್ರಾರ್ಥನೆ ನನ್ನನ್ನು ಬಿಡುತ್ತಿಲ್ಲ. ಸಂಜೆಯಾದರೆ ಯಾರೋ ನನ್ನನ್ನು ಎಬ್ಬಿಸಿ ಮಡಕೆಯ ಮುಂದೆ ನಿಲ್ಲಿಸುತ್ತಾರೆ, ನನ್ನ ಬಾಯಿಂದಲೇ ನನಗಾಗಿ ಬೇಡಿಕೊಳ್ಳುತ್ತಾರೆ. ಹೆದರಿಕೆ ಆಗುತ್ತದೆ, ಸುಳ್ಳು ಯಾಕೆ ಹೇಳಲಿ. ಸಮಾಧಾನವೂ ಆಗುತ್ತದೆ.

ಆ 'ಬರೋ ಕೂಸು' ಯಾರೆಂದು ಬಹಳ ಯೋಚಿಸಿದೆ. ಅದು ನೀನು. ನೀನು ನನ್ನ ಹೊಟ್ಟೆಯಲ್ಲಿದ್ದಾಗ ಅತ್ತೆ ನಿನಗೂ ಒಂದು ಹಿಡಿ ತೆಗೆಯುತ್ತಿದ್ದರು. ಹುಟ್ಟಿದ ಮೇಲೆ ಹಾಕೋಣವೆಂದರೆ ಕೇಳುತ್ತಿರಲಿಲ್ಲ. "ಬರೋರಿಗೂ ಹಸಿವು ಇರುತ್ತೆ ಕಣೇ" ಎನ್ನುತ್ತಿದ್ದರು. ನಿನಗೆ ನಂಬಿಕೆ ಇಲ್ಲ ಎನ್ನುತ್ತೀ, ಇರಲಿ, ಒತ್ತಾಯ ಮಾಡುವವಳು ನಾನಲ್ಲ. ಆದರೆ ಕಣ್ಣು ಬಿಡುವ ಮೊದಲೇ ನಿನ್ನ ಪಾಲು ಆ ಮಡಕೆಯಲ್ಲಿತ್ತು. ಅದಕ್ಕೂ ನನಗೂ ಸಂಬಂಧವಿಲ್ಲ ಎಂದು ಮಾತ್ರ ಹೇಳಬೇಡ. ಪ್ರಾರ್ಥನೆ ಬರದಿದ್ದರೂ ನಡೆಯುತ್ತದೆ. ಹೆಸರು ಹೇಳಲು ಬಂದರೆ ಸಾಕು.

ಹೊತ್ತು ಇಳಿಯುತ್ತಿದೆ. ಈಗಷ್ಟೇ ಅಡುಗೆಮನೆಯಲ್ಲಿ ಹಿತ್ತಾಳೆ ತಟ್ಟೆಯ ಸದ್ದಾಯಿತು. ನಾನು ಇಲ್ಲಿ ಕಿಟಕಿಯ ಪಕ್ಕ ಕೂತು ಬರೆಯುತ್ತಿದ್ದೇನೆ. ಸರ್ವರ್ ಬೀ ಮೊಮ್ಮಗಳ ಜೊತೆ ಜಗಲಿಯಲ್ಲಿದ್ದಾಳೆ, ಅವಳ ಕೆಮ್ಮು ಕೇಳುತ್ತಿದೆ. ನಾನು ಎದ್ದು ಹೋಗಿ ನೋಡುವುದಿಲ್ಲ.

ಕರ್ತನು ನಿನ್ನನ್ನು ಕಾಯಲಿ. ಹೋಗುವಾಗಲೂ ಬರುವಾಗಲೂ, ನೀನು ಕೇಳದಿದ್ದರೂ, ಆತನ ಕಣ್ಣು ನಿನ್ನ ಮೇಲಿರಲಿ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅಮ್ಮ,
ಸಲೋಮಿ

ತಾ.ಕ.: ಕಾಗದದ ತಲೆಯಲ್ಲಿ ನಿನ್ನ ಹೆಸರಿನ ಅಕ್ಷರ ಬೇರೆ ಇರುವುದನ್ನು ನೀನು ಆಗಲೇ ನೋಡಿರುತ್ತೀ. ಮೇಷ್ಟರ ಹಾಗೆ ಎಲ್ಲದರಲ್ಲೂ ತಪ್ಪು ಹುಡುಕುವವಳು ನೀನು. ಅಲ್ಲಿ ಜಾಗ ಬಿಟ್ಟು ಮಿಕ್ಕಿದ್ದೆಲ್ಲ ನಾನು ಬರೆದೆ, ಆ ಹೆಸರನ್ನು ಬರೆದವಳು ಆತಿಫಾ. ಅವಳು ಓದಿ ಹೇಳಿದಾಗ ಹೌದು, ಅದೇ ಎಂದೆ. ಈಗ ಕಾಗದ ಮಡಿಸುವಷ್ಟರಲ್ಲಿ ಮತ್ತೆ ಹೋಗಿದೆ. ನಿನ್ನ ಮುಖ ಗೊತ್ತು, ನಿನ್ನ ಎಡಗೆನ್ನೆಯ ಮಚ್ಚೆ ಗೊತ್ತು, ನೀನು ನನ್ನ ಕೂಸು ಎಂದು ಗೊತ್ತು. ಬೆಳಿಗ್ಗೆ ನಿನ್ನ ಹಿಡಿ ಕೈಯಲ್ಲಿ ತುಂಬಿಕೊಂಡು ಮಡಕೆಯ ಮುಂದೆ ನಿಲ್ಲುತ್ತೇನೆ, ಏನೆಂದು ಹೇಳಿ ಹಾಕಲಿ ಎಂದು ತಿಳಿಯುವುದಿಲ್ಲ. ಒಮ್ಮೆ ಬಾ. ಪ್ರಾರ್ಥನೆ ಬೇಡ, ಮಡಕೆಯನ್ನು ಒಯ್ಯುವುದೂ ಬೇಡ. ನನ್ನ ಪಕ್ಕ ನಿಂತು ನಿನ್ನ ಹೆಸರನ್ನು ಗಟ್ಟಿಯಾಗಿ ಹೇಳು. ನೀನು ಹೇಳಿಕೊಟ್ಟಂತೆ ನಾನು ಹೇಳಿ, ಆ ಹಿಡಿ ಅಕ್ಕಿ ಹಾಕುತ್ತೇನೆ.