ಹೆಪ್ಪಿನ ಮಣ್ಣು

ಆದವಾನಿ,
ಗುರುವಾರ, 10-3-1955

ಚಿರಂಜೀವಿ ತಮ್ಮ ಮಾರೆಣ್ಣನಿಗೆ ನಿನ್ನ ಅಕ್ಕ ಹುಲುಗಮ್ಮ ಮಾಡುವ ಆಶೀರ್ವಾದ.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆದು ಆಮೇಲೆ ಉಳಿದದ್ದು ಬರೆಯುವುದು ರೂಢಿ. ಈ ಸಲ ಆ ಸಾಲು ಬಿಟ್ಟಿದ್ದೇನೆ, ತಪ್ಪು ತಿಳಿಯಬೇಡ. ನಿನಗೆ ಗಂಡುಮಗು ಹುಟ್ಟಿತೆಂದು ಕಾಗದ ಬಂದು ಬಹಳ ದಿನವಾಯಿತು. ಕುಲಾವಿ ಹೊಲಿದು ಇಟ್ಟಿದ್ದೇನೆ, ಕಳಿಸುವುದಾಗಿಲ್ಲ. ಅತ್ತಿಗೆ ಮರೆತಳು ಎಂದು ನಿನ್ನ ಹೆಂಡತಿ ಮುನಿಸಿಕೊಂಡಿದ್ದರೆ ಈ ಕಾಗದ ಆಕೆಗೂ ಓದಿ ಹೇಳು. ಮರೆಯುವುದಕ್ಕೂ ಪುರಸೊತ್ತು ಬೇಕು.

ನಮ್ಮ ಗರಡಿ ಮುಚ್ಚುತ್ತಿದೆ. ಜಾಗದ ಯಜಮಾನರು ತೀರಿಕೊಂಡ ಮೇಲೆ ಅವರ ಮೊಮ್ಮಗ ಗರಡಿ, ಅದರ ಮುಂದಿನ ಕುಸ್ತಿ ಬಯಲು, ಸುತ್ತಲಿನ ಕಲ್ಲಿನ ಮೆಟ್ಟಿಲು ಎಲ್ಲವನ್ನೂ ಹತ್ತಿ ಪ್ರೆಸ್ಸಿನವರಿಗೆ ಮಾರಿಬಿಟ್ಟಿದ್ದಾನೆ. ಅವರಿಗೆ ಗೋದಾಮು ಬೇಕಂತೆ. ಹಾಲಹರವಿ, ಕೌತಾಳಂ, ಆಸ್ಪರಿ ಕಡೆಯಿಂದ ಗಾಡಿ ಕಟ್ಟಿಕೊಂಡು ಬಂದು ಜನ ಕೂರುತ್ತಿದ್ದ ಜಾಗದಲ್ಲಿ ಇನ್ನು ಹತ್ತಿಯ ಅಂಡಿಗೆಗಳು ಕೂರುತ್ತವೆ. ನೀನು ಆಸ್ಪರಿಯ ಪೈಲ್ವಾನನನ್ನು ಚಿತ್ ಮಾಡಿದ ದಿನ ನಾನು ಪಕ್ಕದ ಶೇಷಮ್ಮನ ಮಾಳಿಗೆ ಹತ್ತಿ ನೋಡಿದ್ದೆ. ಹೆಂಗಸರಿಗೆ ಅಲ್ಲಿಂದಲೇ ನೋಟ. ನೀನು ತಲೆಯೆತ್ತಿ ನನ್ನ ಕಡೆ ನೋಡಿ ನಕ್ಕಿದ್ದೆ.

ನಿಮಗೆಲ್ಲ ಕುಸ್ತಿ ಕಲಿಸಿದ ವಸ್ತಾದರಲ್ಲವೇ, ನಿನ್ನ ಭಾವ ಮೊದಲು ಓಡಾಡಿದರು. ಮುಂಚೆಯಾಗಿದ್ದರೆ ಬಳ್ಳಾರಿಗೆ ಹೋಗಿ ಗುರುತಿನವರನ್ನು ಕಾಣುತ್ತಿದ್ದರು. ಈಗ ನಾವು ಆಂಧ್ರಕ್ಕೆ ಸೇರಿದವರು, ಏನಿದ್ದರೂ ಕರ್ನೂಲು. ಅಲ್ಲಿ ಯಾರ ಬಾಗಿಲು ತಟ್ಟಬೇಕೆಂದು ಇವರಿಗೇನು ಗೊತ್ತು. ಹೋದರು, ಯಾವುದೋ ಮರದ ಕೆಳಗೆ ಕುಳಿತಿದ್ದು ಬಂದರು. ಬಂದವರು ಮನೆಗೆ ಬರಲಿಲ್ಲ. ನೆಟ್ಟಗೆ ಗರಡಿಯೊಳಗೆ ಹೋಗಿ ಹನುಮಂತನ ಗೂಡಿನ ಎದುರಿಗೆ ಕೆಮ್ಮಣ್ಣಿನ ಮೇಲೆ ಕುಳಿತರು. ಇನ್ನೂ ಹೊರಗೆ ಬಂದಿಲ್ಲ. ಅನ್ನ ಮುಟ್ಟಿಲ್ಲ. ನಿನ್ನ ಜೋಡಿ ಸಾಮು ತೆಗೆಯುತ್ತಿದ್ದ ಲಾಲಪ್ಪ ನೀರು ಹಿಡಿದರೆ ಒಂದೆರಡು ಗುಟುಕು ಕುಡಿಯುತ್ತಾರಂತೆ. ‘ಗರಡಿ ಹೋದ್ರ ಗರಡಿ ಕೂಡ ನಾನೂ ಹೋಗ್ತೀನಿ’ ಎಂದು ಅವನಿಗೆ ಹೇಳಿದ್ದಾರೆ. ಅವರು ಬಾಯಿಮಾತಿಗೆ ಏನೂ ಹೇಳುವವರಲ್ಲ, ನಿನಗೂ ಗೊತ್ತು.

ಸೋಮವಾರ ಕೆಡವುತ್ತಾರೆ. ಕೆಡವುವ ಕೆಲಸ ನರಸಣ್ಣ ಮೇಸ್ತ್ರಿಗೆ ಬಂದಿದೆ. ಅವನೂ ಇದೇ ಗರಡಿಯಲ್ಲಿ ಬೆಳೆದವನು. ಬೆಳಿಗ್ಗೆ ನಮ್ಮ ಕಟ್ಟೆಯ ಮೇಲೆ ಬಂದು ಕುಳಿತ. ‘ಯವ್ವ, ನಾ ಒಲ್ಲೆ ಅಂದ್ರ ಗುಂತಕಲ್ಲಿಂದ ಬ್ಯಾರೆಯವರ್ನ ಕರಸ್ತಾರ. ಅವ್ರಿಗೆ ಒಳಗ ಯಾರದಾರ ಅಂತ ಏನ್ ಗೊತ್ತೈತಿ? ಹೊರಗಿನ ಗ್ವಾಡಿ ಬಿಚ್ಚಿದ್ರ ತೊಲಿ ನಿಲ್ಲೂದಿಲ್ಲ. ಮ್ಯಾಲೆಲ್ಲಾ ಮಣ್ಣಿನ ಮಾಳಿಗಿ, ಕುಂತಲ್ಲೇ ಮುಚ್ಚಿಬಿಡ್ತೈತಿ. ಹೆಂಗರ ಮಾಡಿ ವಸ್ತಾದರ್ನ ಹೊರಗ ಕರಸ್ರಿ’ ಎಂದ. ಗೋಡೆ ಅಲುಗಾಡಿದರೆ ಮುದುಕ ತಾನೇ ಓಡಿ ಬರುತ್ತಾನೆ ಎಂದು ಪ್ರೆಸ್ಸಿನ ಗುಮಾಸ್ತ ನಗುತ್ತಾನಂತೆ. ನಗಲಿ, ಅವನಿಗೆ ನಿನ್ನ ಭಾವನ ಪರಿಚಯವಿಲ್ಲ.

ಶಿಷ್ಯರು ಎತ್ತಿಕೊಂಡು ಬರಬಾರದೇ ಎಂದು ನೀನು ಕೇಳುತ್ತೀ. ಹೋಗಿದ್ದರಪ್ಪ. ಇವರು ತಡವರಿಸುತ್ತ ಎದ್ದು ನಿಂತು, ತೊಡೆ ತಟ್ಟಿ, ‘ನನ್ನ ಬೆನ್ನು ಮಣ್ಣಿಗೆ ಹಚ್ಚಿ ಒಯ್ರಿ’ ಎಂದರಂತೆ. ಅನ್ನವಿಲ್ಲದೆ ತೂಗಾಡುವ ಗುರುವನ್ನು ಯಾವ ಶಿಷ್ಯ ಕೆಡವುತ್ತಾನೆ? ಕಾಲಿಗೆ ಬಿದ್ದು ಅಳುತ್ತ ಹೊರಗೆ ಬಂದರು.

ಇನ್ನು ನಾನು. ನಾನು ಹೊಸ್ತಿಲವರೆಗೆ ಮಾತ್ರ ಹೋಗುವವಳು. ಹೆಂಗಸು ಕಾಲಿಟ್ಟರೆ ಅದು ಗರಡಿಯ ಮಣ್ಣಲ್ಲ, ಅಷ್ಟನ್ನೂ ತೆಗೆದು ಚೆಲ್ಲಬೇಕು ಎಂಬ ನೇಮವನ್ನು ನೀನು ಲಂಗೋಟಿ ಕಟ್ಟಿದ ಮೊದಲ ದಿನವೇ ಕೇಳಿದ್ದೀ. ಆ ಮಣ್ಣಿಗೆ ಜರಡಿ ಹಿಡಿದವರು ಯಾರು, ಮಜ್ಜಿಗೆ, ಎಳ್ಳೆಣ್ಣೆ, ಅರಿಶಿನ, ನಿಂಬೆರಸ ಹಾಕಿ ಕಲಸಿದವರು ಯಾರು ಎಂದು ಯಾವ ನೇಮವೂ ಕೇಳುವುದಿಲ್ಲ. ಮದುವೆಯಾಗಿ ಬಂದಾಗಿನಿಂದ ನಮ್ಮ ಅಂಗಳದಲ್ಲಿ ಕಲಸಿ ಕಲಸಿ ನನ್ನ ಉಗುರುಗಳೇ ಕೆಂಪಾಗಿವೆ. ಕೈಗೆ ಇಲ್ಲದ ಮೈಲಿಗೆ ಕಾಲಿಗೆ ಎಲ್ಲಿಂದ ಬಂತೋ. ತಾಟಿನಲ್ಲಿ ರೊಟ್ಟಿ ಇಟ್ಟುಕೊಂಡು ಹೊಸ್ತಿಲಲ್ಲಿ ನಿಂತು ಕರೆಯುತ್ತೇನೆ, ಅವರು ತಿರುಗಿ ನೋಡುವುದಿಲ್ಲ.

ಈ ಗರಡಿ ಕಟ್ಟಿದಾಗ ನಿನ್ನ ಭಾವನ ಗುರುಗಳು ಕೌತಾಳಂ ಗರಡಿಯ ಮಣ್ಣನ್ನು ಒಂದು ಪುಟ್ಟಿ ತುಂಬಿ ತಲೆಯ ಮೇಲೆ ಹೊತ್ತು ತಂದರಂತೆ. ಹಾಲಿಗೆ ಹೆಪ್ಪು ಬೇಕಾದಂತೆ, ಹಳೆಯ ಮಣ್ಣು ಸೇರದೆ ಹೊಸ ಗರಡಿ ಆಗುವುದಿಲ್ಲವಲ್ಲ. ಆ ಕೌತಾಳಂ ಗರಡಿ ಹಾಳಾಗಿ ಎಷ್ಟೋ ಕಾಲವಾಯಿತು. ನೀನು ಹೊಸಪೇಟೆಗೆ ಡ್ಯಾಮಿನ ಕೆಲಸಕ್ಕೆ ಹೊರಟಾಗ ಇವರು ಸ್ಟೇಷನ್ನಿಗೆ ಬಂದು ನಿನ್ನ ಟವೆಲಿನ ಅಂಚಿಗೆ ಒಂದು ಹಿಡಿ ಮಣ್ಣು ಕಟ್ಟಿದರು. ಬೇರೆ ಯಾವ ಶಿಷ್ಯನಿಗೂ ಹಾಗೆ ಕೊಟ್ಟವರಲ್ಲ. ನಿನ್ನ ಮಾತನ್ನಾದರೂ ಕೇಳಿಯಾರು ಎಂಬ ಆಸೆ ನನಗೆ ಅದರಿಂದಲೇ.

ಬಾ, ಮಾರೆಣ್ಣ. ನೀನು ಅವರ ಕೂಡ ಕುಸ್ತಿ ಆಡುವುದು ಬೇಡ, ಎದುರಿಗೆ ಕುಳಿತು ಮಗುವಿನ ಸುದ್ದಿ ಹೇಳು. ಸಿಟ್ಟು ಬರುವಂತೆ ಏನಾದರೂ ಅನ್ನು. ಹೊರಗೆ ಬಂದರೆ ಸಾಕು. ಗರಡಿ ಇಲ್ಲದೆ ನಾನು ಬದುಕಬಲ್ಲೆ. ಅವರಿಲ್ಲದೆ ನನಗೆ ಬರುವುದಿಲ್ಲ. ಈ ಮಾತು ಅವರ ಮುಂದೆ ಅಂದವಳಲ್ಲ, ನಿನ್ನ ಮುಂದೆ ಅನ್ನುತ್ತಿದ್ದೇನೆ.

ಸೋಮವಾರದ ಒಳಗೆ ಬಾ.

ನಿನ್ನ ಅಕ್ಕ,
ಹುಲುಗಮ್ಮ

~

ಆದವಾನಿ,
ಭಾನುವಾರ, 20-3-1955

ಚಿರಂಜೀವಿ ಮಾರೆಣ್ಣನಿಗೆ ಅಕ್ಕನ ಆಶೀರ್ವಾದ.

ನಿನ್ನ ಕಾರ್ಡು ಮಂಗಳವಾರ ಬಂತು. ಮಗುವಿಗೆ ಜ್ವರ, ಮೇಲಿನವರು ರಜೆ ಕೊಡಲಿಲ್ಲ ಎಂದು ಬರೆದಿದ್ದೀ. ನಿನ್ನ ಮೇಲೆ ಸಿಟ್ಟು ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಮಗುವಿನ ಜ್ವರ ಎಂದು ಓದಿದ ಮೇಲೆ ಇಳಿಯಿತು. ಈಗ ಹೇಗಿದೆ ಬರೆ. ಉತ್ತರ ತಡವಾಯಿತು, ಪೆನ್ನು ಹಿಡಿದರೆ ಕೈ ಏಳುತ್ತಿರಲಿಲ್ಲ.

ನಿನ್ನ ಭಾವ ಮನೆಗೆ ಬಂದಿದ್ದಾರೆ. ಜೀವಂತ ಬಂದಿದ್ದಾರೆ. ಅದನ್ನು ಮೊದಲು ಹೇಳಿಬಿಡುತ್ತೇನೆ.

ಸೋಮವಾರ ಬೆಳಿಗ್ಗೆ ನರಸಣ್ಣ ಮೆಟ್ಟಿಲಿನ ಕಲ್ಲು ಕೀಳುವುದರಿಂದ ಶುರು ಮಾಡಿದ. ಬೇಕೆಂತಲೇ ಒಂದೊಂದೇ ಕಲ್ಲು ತೆಗೆಸುತ್ತಿದ್ದ. ಗುಮಾಸ್ತ ಬಂದು ಕೂಗಾಡಿದ ಮೇಲೆ ಗೋಡೆಗೆ ಹಾರೆ ಹಾಕಿಸಿದ. ಸ್ಟೇಷನ್ ಕಡೆಯಿಂದ ಬರುವ ದಾರಿಯನ್ನೇ ನೋಡುತ್ತ ನಾನು ಹೊಸ್ತಿಲಲ್ಲಿ ನೀರಿನ ತಂಬಿಗೆ ಹಿಡಿದು ನಿಂತಿದ್ದೆ. ಒಂದೊಂದು ಏಟಿಗೂ ಮಾಳಿಗೆಯಿಂದ ಮಣ್ಣು ಉದುರಿ ಅವರ ತಲೆಯ ಮೇಲೆ, ಹೆಗಲ ಮೇಲೆ ಬೀಳುತ್ತಿತ್ತು. ಅವರು ಕಣ್ಣು ಮುಚ್ಚಿ ಕುಳಿತೇ ಇದ್ದರು. ‘ಏಳ್ರೀ, ನಿಮ್ಮ ಕಾಲಿಗೆ ಬೀಳ್ತೀನಿ’ ಎಂದೆ.

ಆಗ ನನಗೆ ಆ ನೇಮವೇ ನೆನಪಿಗೆ ಬಂತು. ಅದು ಗರಡಿ ಆಗಿರುವುದರಿಂದ ತಾನೇ ಅವರು ಅಲ್ಲಿ ಸಾಯಲು ಕುಳಿತಿರುವುದು? ಗರಡಿಯೇ ಅಲ್ಲದ ಜಾಗದಲ್ಲಿ ಕುಳಿತು ಯಾಕೆ ಸಾಯುತ್ತಾರೆ? ತಂಬಿಗೆ ಕೆಳಗಿಟ್ಟು, ತಲೆ ಬಗ್ಗಿಸಿ, ಒಳಗೆ ಹೋದೆ. ಲಾಲಪ್ಪ ‘ಯವ್ವ, ಬ್ಯಾಡ್ರಿ’ ಎಂದು ಸೆರಗು ಹಿಡಿಯಲು ಬಂದ, ಬಿಡಿಸಿಕೊಂಡೆ.

ಮಣ್ಣು ತಣ್ಣಗಿತ್ತು, ಬಹಳ ಮೆತ್ತಗಿತ್ತು. ಇಷ್ಟು ವರ್ಷ ಕೈಗೆ ಗೊತ್ತಿದ್ದ ಮಣ್ಣು ಕಾಲಿಗೆ ಗೊತ್ತಾದದ್ದು ಅವತ್ತೇ. ನಡುವೆ ಹೋಗಿ ಅವರ ಮುಂದೆ ನಿಂತೆ. ‘ಈಗ ಇದು ಗರಡಿ ಅಲ್ಲ. ಮನಿಗೆ ನಡೀರಿ’ ಎಂದೆ.

ಕಣ್ಣು ಬಿಟ್ಟರು. ನನ್ನ ಮುಖ ನೋಡಲಿಲ್ಲ, ಕಾಲು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ನೆಲಕ್ಕೆ ಕೈಯೂರಿ ಎದ್ದು ಧೋತರಕ್ಕೆ, ಮೈಗೆ ಅಂಟಿದ್ದ ಮಣ್ಣನ್ನು ಕೊಡವಿಕೊಂಡರು. ಗರಡಿಯ ಮಣ್ಣನ್ನು ಬಾವಿಯಲ್ಲಿ ತೊಳೆಯಬೇಕು, ಕೊಡವಬಾರದು ಎಂದು ನಿಮಗೆಲ್ಲ ಬೈದು ಕಲಿಸಿದವರು ಅವರೇ. ಹನುಮಂತನಿಗೆ ಕೈ ಸಹ ಮುಗಿಯದೆ ಹೊರಗೆ ನಡೆದರು. ಮಧ್ಯಾಹ್ನದ ಹೊತ್ತಿಗೆ ತೊಲೆ ಜಾರಿ ಮಾಳಿಗೆ ಒಟ್ಟಿಗೇ ಕುಸಿಯಿತು. ಧೂಳು ನಮ್ಮ ಅಡುಗೆ ಮನೆಯವರೆಗೆ ಬಂತು.

ಕೇರಿಯ ಹೆಂಗಸರು ಬಂದು ನನ್ನನ್ನು ಹೊಗಳಿದ್ದೇ ಹೊಗಳಿದ್ದು. ‘ನಿನ್ನ ತಾಳಿ ನೀನಾ ಉಳಿಸ್ಕೊಂಡಿ ನೋಡವ್ವ’ ಎಂದು ಶೇಷಮ್ಮ ಕುಂಕುಮ ಹಚ್ಚಿದಳು. ನನಗೂ ಆ ದಿನ ಹಾಗೇ ಅನ್ನಿಸಿತ್ತು. ಇವರು ಗಂಜಿ ಕುಡಿದರು, ಮಲಗಿದರು, ಈಗ ಕಟ್ಟೆಯ ಮೇಲೆ ಬಿಸಿಲಿಗೆ ಕೂರುತ್ತಾರೆ. ಮೊದಲಿನ ಅರ್ಧ ಮೈ ಇಲ್ಲ. ಪ್ರೆಸ್ಸಿನ ಲಾರಿಗಳು ಇದೇ ಬೀದಿಯಲ್ಲಿ ಬಂದು ಕಲ್ಲು ಹೇರಿಕೊಂಡು ಹೋಗುತ್ತಿವೆ.

ಕುಲಾವಿಯನ್ನು ಈ ಕಾಗದದ ಜೊತೆಗೆ ಕಳಿಸುತ್ತಿದ್ದೇನೆ. ಮಗುವಿಗೆ ದೊಡ್ಡದಾದರೆ ಹಿಂದೆ ಒಂದು ಹೊಲಿಗೆ ಹಾಕಿಕೊಳ್ಳಲು ಹೇಳು. ಕೂಸು ನೂರು ವರ್ಷ ಬಾಳಲಿ, ಗಟ್ಟಿ ತೊಡೆಯವನಾಗಲಿ. ನಿಮ್ಮಿಬ್ಬರ ಹೊಟ್ಟೆ ತಣ್ಣಗಿರಲಿ. ಯುಗಾದಿಗೆ ಎಣ್ಣೆ ಹಚ್ಚಿಕೊಂಡು ನೀರು ಹಾಕಿಕೊ, ಉದಾಸೀನ ಮಾಡಬೇಡ.

ನಿನ್ನ ಅಕ್ಕ,
ಹುಲುಗಮ್ಮ

ತಾ.ಕ.: ಬರೆಯಬಾರದು ಎಂದುಕೊಂಡಿದ್ದೆ, ಬರೆಯದೆ ಇರಲಾಗಲಿಲ್ಲ. ನಿನ್ನೆ ಲಾಲಪ್ಪ ಓಡುತ್ತ ಬಂದ. ಊರಿನ ಹಿರಿಯರು ಸೇರಿ ಹೊಸ ಗರಡಿಗೆ ಕೆರೆಯ ಕಡೆ ಜಾಗ ಕೊಡುತ್ತಾರಂತೆ. ಇವರ ಕಾಲ ಬಳಿ ಕುಳಿತು, ‘ವಸ್ತಾದ್, ಹಳೀ ಮಣ್ಣು ಒಂದು ಪುಟ್ಟಿ ತುಂಬಿ ಇಟ್ಟೀನ್ರಿ. ನಿಮ್ಮ ಕೈಲೆ ಹೆಪ್ಪು ಹಾಕ್ರಿ’ ಎಂದ. ಇವರ ಮುಖ ಅರಳಿತು, ಮಾರೆಣ್ಣ. ನಾನು ಬಾಗಿಲಲ್ಲಿ ನಿಂತು ನೋಡಿದೆ, ನಿಜವಾಗಿ ಅರಳಿತು. ಆಮೇಲೆ ಹಾಗೇ ಬಾಡಿತು. ‘ಅದು ಹೆಣ್ಣು ತುಳಿದ ಮಣ್ಣಲೇ. ಹೆಪ್ಪು ಒಡದೈತಿ. ಪ್ರೆಸ್ಸಿನವ್ರು ಗ್ವಾಡಿ ಕೆಡವಿದ್ರು ಅಷ್ಟ. ಗರಡಿ ಮುಚ್ಚಿದಾಕಿ ನಮ್ಮ ಮನ್ಯಾಗ ಅದಾಳ’ ಎಂದರು. ಹೊರಗೆ ಬಂದ ದಿನದಿಂದ ನನ್ನ ಕೂಡ ಮಾತಿಲ್ಲ. ಗಂಜಿಯನ್ನು ಶೇಷಮ್ಮ ತಂದಿಟ್ಟರೆ ಕುಡಿಯುತ್ತಾರೆ, ನಾನು ತಂದರೆ ಮುಟ್ಟುವುದಿಲ್ಲ. ನಾನು ಎದುರಿಗೆ ಹಾದುಹೋದರೆ ಕಾಲು ನೋಡುತ್ತಾರೆ.

ನಿನ್ನ ಟವೆಲಿನ ಆ ಗಂಟು ಇದೆಯೇ? ಅದು ನಾನು ತುಳಿಯುವ ಮುಂಚಿನ ಮಣ್ಣು. ಹೆಪ್ಪಿಗೆ ಒಂದು ಹಿಡಿ ಸಾಕು. ಇದ್ದರೆ ಹೊರಟು ಬಾ. ಇಲ್ಲದಿದ್ದರೆ ಇಲ್ಲ ಎಂದು ಬರೆಯಬೇಡ, ಸುಮ್ಮನಿದ್ದುಬಿಡು, ನಾನು ದಾರಿ ನೋಡುತ್ತ ಇರುತ್ತೇನೆ. ಮನೆ ಗುಡಿಸುವಾಗ ಅದು ನಿನ್ನ ಹೆಂಡತಿಯ ಕಾಲಿಗೆ ಸಿಕ್ಕಿದ್ದರೂ ಯಾರ ಮುಂದೆಯೂ ಬಾಯಿ ಬಿಡಬೇಡ. ನನಗೂ ಹೇಳಬೇಡ. ತಂದು ಅವರ ಕೈಗೆ ಕೊಡು.